ಅಪ್ಪನ ಕಾರಿಗೆ ಹತ್ತಿದ ಉಪ್ಪು

ಜನವರಿ ೧೯, ಸೋಮವಾರ. ಯೊಯೆನ್ಸೂ.

ಅಪ್ಪನ ಕಾರನ್ನು ಅಣ್ಣ ಆಹ್ತಿ ಮಾರಿಬಿಟ್ಟ. ನಾಳೆ ಬೆಳಿಗ್ಗೆ ಕೊಂಡವರು ಬರುತ್ತಾರಂತೆ.

ನನ್ನ ಅಡುಗೆಮನೆಯಲ್ಲೇ ಕೂತು, ನಾನು ಮಾಡಿದ ಏಲಕ್ಕಿ ಬನ್ನನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಾ ಹೇಳಿದ.

"ಕಾರಿರೋದು ನನ್ನ ಹೆಸರಲ್ಲಿ, ಐಲಾ. ನಿನ್ನನ್ನೇನು ಕೇಳೋದು? ಒಂದು ಚೂರೂ ತುಕ್ಕಿಲ್ಲ ಅಂತ ನೋಡಿದ ತಕ್ಷಣ ಒಪ್ಪಿಕೊಂಡ್ರು. ಎಲ್ಲಾ ನಿನ್ನ ಕೈಗುಣ."

ಕೈಗುಣವಂತೆ. ಅಪ್ಪ ಹೋದ ಮೇಲೆ ಪ್ರತಿ ಚಳಿಗಾಲವೂ, ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ಕಾರಿನ ತಳ ತಿನ್ನದ ಹಾಗೆ ಬಿಸಿನೀರು ಹೊತ್ತು ತಂದು ತೊಳೆದವಳು ನಾನು. ಬಾಗಿಲ ಸಂದಿಯ ನೀರು ಹೆಪ್ಪುಗಟ್ಟುವ ಮೊದಲೇ ಒರೆಸಬೇಕಿತ್ತು. ಬೆರಳು ಒಡೆದು ರಕ್ತ ಬರುತ್ತಿತ್ತು. ಇವನು ಒಂದು ದಿನ ಬಕೆಟ್ ಮುಟ್ಟಿದವನಲ್ಲ.

"ನಾಳೆ ಕೊಡೋ ಮುಂಚೆ ಇನ್ನೊಂದ್ಸಲ ತೊಳೆದುಬಿಡು," ಅಂದ, ಬೂಟು ಹಾಕಿಕೊಳ್ಳುತ್ತಾ.

"ಸಂಜೆ ನಾನೇ ನಿನ್ನ ಮನೆಗೆ ತಂದು ಬಿಡ್ತೀನಿ," ಅಂದೆ.

ಸಂಜೆ ಕಾರು ತೆಗೆದುಕೊಂಡು ಹೆದ್ದಾರಿಗೆ ಹೋದೆ. ಉಪ್ಪಿಗೆ ಕರಗಿದ ಹಿಮ ಕಂದು ಕೆಸರಾಗಿತ್ತು. ಲಾರಿಗಳ ಬೆನ್ನಿಗೇ ಹೋಗಿ, ಅವು ಎರಚಿದ್ದನ್ನೆಲ್ಲಾ ಕಾರಿನ ಮೈತುಂಬಾ ಬಳಿಸಿದೆ. ಬಣ್ಣವೇ ಕಾಣದಂತಾದ ಮೇಲೆ ಆಹ್ತಿಯ ಬಾಗಿಲೆದುರು ನಿಲ್ಲಿಸಿ, ಬೀಗದಕೈಯನ್ನು ಟಪಾಲು ಹಾಕುವ ಕಂಡಿಯಿಂದ ಒಳಗೆ ಎಸೆದೆ. ಅವನೇ ತೊಳೆದು ಸಾಯಲಿ.

ಹಾಯೆನಿಸಿತು, ಸುಳ್ಳೇಕೆ. ಆದರೆ ಗೇಟಿನವರೆಗೆ ಹೋದವಳು ಯಾಕೋ ತಿರುಗಿ ಬಂದೆ. ಅಪ್ಪ ಕೂರುತ್ತಿದ್ದ ಕಡೆಯ ಗಾಜನ್ನು ಕೋಟಿನ ತೋಳಿನಿಂದ ಒರೆಸತೊಡಗಿದೆ. ತಲೆ ಎತ್ತಿದರೆ ಆಹ್ತಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾನೆ. ನಗುತ್ತಿದ್ದನೋ ಏನೋ, ದರಿದ್ರದವನು. ನಾನು ಮಾತ್ರ ಒರೆಸುವುದನ್ನು ನಿಲ್ಲಿಸಲಿಲ್ಲ, ಯಾಕೆಂದರೆ ಆ ಗಾಜು ಆಹ್ತಿಯದಲ್ಲ, ಅಪ್ಪನದು.