ಏಳನೆಯ ಪ್ರತಿ

ಅಪ್ಪಾ,

ನೀವು ತೀರಿಕೊಂಡು ಮೂರು ವರ್ಷವಾಯಿತು, ಇದನ್ನು ಎಲ್ಲಿಗೆಂದು ಕಳಿಸಲಿ? ಆದರೂ ಇವತ್ತಿನದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ಔಷಧಿ ಅಂಗಡಿಯಲ್ಲಿ ಒಂದೇ ಚೀಟಿಯನ್ನು ಹತ್ತು ಸಲ ಓದಿ ಗಿರಾಕಿಗಳನ್ನು ಕಾಯಿಸುತ್ತೇನೆಂದು ಯಜಮಾನರು, "ಮೊದಲು ಡಾಕ್ಟರಿಗೆ ತೋರಿಸ್ಕೊಂಡು ಬಾಮ್ಮ, ಆಮೇಲೆ ಕೆಲಸ" ಅಂದುಬಿಟ್ಟರು. ನನ್ನದು ಗೀಳು ಕಾಯಿಲೆಯೇ ಎಂದು ತಿಳಿಯಲು ಸರದಿಗಾಗಿ ಎರಡು ತಿಂಗಳು ಕಾದು, ಇವತ್ತು ಮನೋವೈದ್ಯರ ಬಳಿ ಹೋದೆ. ಅವರು ಮೊದಲೇ ಕೊಟ್ಟಿದ್ದ ಪ್ರಶ್ನೆಗಳ ಹಾಳೆಯನ್ನು ಜೆರಾಕ್ಸ್ ಮಾಡಿಸಿಕೊಂಡು, ಉತ್ತರ ತುಂಬುವಾಗ ಒಂದಕ್ಷರ ಸೊಟ್ಟಗಾದರೂ ಹರಿದುಹಾಕಿ, ಏಳನೆಯ ಪ್ರತಿಯನ್ನು ಒಯ್ದಿದ್ದೆ.

ಡಾಕ್ಟರು ನಕ್ಕರು. "ಎಷ್ಟು ಅಚ್ಚುಕಟ್ಟಾಗಿ ಬರ್ದಿದೀರಿ! ಇಂಥವರಿಗೆ ಏನ್ರೀ ಆಗಿರುತ್ತೆ? ಮನೇಲಿ ಯಾರಿಗಾದ್ರೂ ಹೀಗಿತ್ತಾ?"

ಬೀಗ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಬಂದು, ಮತ್ತೆ ಹಿಂದಿರುಗುತ್ತಿದ್ದ ನೀವು ಕಣ್ಣಮುಂದೆ ಬಂದಿರಿ. "ಸಾಕು ಬನ್ನಿ ಅಪ್ಪಾ, ಜನ ನೋಡ್ತಿದಾರೆ, ಮಾನ ಕಳೀಬೇಡಿ" ಎಂದು ಬೀದಿಯಿಂದ ಕೂಗುತ್ತಿದ್ದವಳು ನಾನೇ.

"ಯಾರಿಗೂ ಇರ್ಲಿಲ್ಲ" ಅಂದೆ.

"ಹಾಗಾದ್ರೆ ಬರೀ ಆಯಾಸ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಹರಿದ ಆರು ಹಾಳೆಗಳ ವಿಷಯ ಹೇಳಲು ಬಾಯಿ ಬರಲಿಲ್ಲ. ಅವನ್ನೇ ಒಯ್ದಿದ್ದರೆ ನಂಬುತ್ತಿದ್ದರೇನೋ. ಅಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು.

ಸಂಜೆ ಆ ಮಾತ್ರೆ ತರಲೆಂದು ಹೊರಟೆ. ಬೀಗ ಜಗ್ಗಿದೆ, ನಾಲ್ಕು ಹೆಜ್ಜೆ ಹೋದೆ, ಹಿಂದಿರುಗಿದೆ, ಮತ್ತೆ ಜಗ್ಗಿದೆ. ಅಂಗಡಿ ಮುಚ್ಚುವ ಹೊತ್ತಾದರೂ ಬಾಗಿಲಲ್ಲೇ ಇದ್ದೆ.

ಸಾಕು ಬಾ ಎಂದು ಬೀದಿಯಿಂದ ಕೂಗಲು ನನಗೆ ಯಾರೂ ಇರಲಿಲ್ಲ ಅಪ್ಪಾ.