ಜೀಪಿನ ನಡುವಿನ ಡಬ್ಬಿ

೪ ಮಾರ್ಚ್, ಸಂಜೆ

ಇವತ್ತೂ ಒಂದು ಕ್ಯಾಲ್ಸಿಯಂ ಬಾಟಲಿ ಹೋಯ್ತು. ಹಾಲಿನ ಡೈರಿ ಹತ್ತಿರದ ತಿರುವಿನಲ್ಲಿ ಇವರು ಬ್ರೇಕ್ ಒತ್ತಿದರು. ಒತ್ತಿದರು ಅನ್ನೋದು ಮರ್ಯಾದೆಯ ಮಾತು — ತುಳಿದರು. ಎದುರಿಗೆ ಏನಿತ್ತು? ಒಂದು ಕೋಳಿ. ಅದೂ ರಸ್ತೆಯ ಆಚೆ ಬದಿಗೆ. ಬ್ಯಾಗು ಕೆಳಗೆ, ಬಾಟಲಿ ಗೇರ್ ರಾಡಿಗೆ ಬಡಿದು ಚೂರು. ನನ್ನ ಹಣೆ ಗಾಜಿಗೆ ಬಡಿಯುವುದೊಂದು ಬಾಕಿ.

ಬೈದೆ. ಇವರು ಸುಮ್ಮನೆ ಕೂತು ಚೂರು ಆಯ್ದರು. ತಿರುಗಿ ಬೈಯುವ ಗಂಡ ಸಿಕ್ಕಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ದನದ ಡಾಕ್ಟರಾದಾಗಿನಿಂದ ಈ ಜೀಪು ಓಡಿಸಿದವಳು ನಾನು. ಕೆಸರು, ಹಳ್ಳ, ಕಲ್ಲಿನ ದಾರಿ ಯಾವುದನ್ನೂ ಬಿಟ್ಟಿಲ್ಲ. ಡಿಸೆಂಬರಿನಲ್ಲಿ ಅಡುಗೆಮನೆಯಲ್ಲಿ ಒಂದೇ ಒಂದು ಸಲ ಫಿಟ್ಸ್ ಬಂತು. ನರದ ಡಾಕ್ಟರು ಆರು ತಿಂಗಳು ಸ್ಟೀರಿಂಗ್ ಮುಟ್ಟಬೇಡಿ ಅಂದುಬಿಟ್ಟರು. ಮತ್ತೆ ಬರದಿದ್ದರೆ ಜೂನಿನಲ್ಲಿ ನೋಡೋಣ ಅಂದರು. ಅಲ್ಲಿಯವರೆಗೆ ಇವರೇ ಡ್ರೈವರ್. ಹುಟ್ಟಿದಾಗಿನಿಂದ ಸೈಕಲ್ ಬಿಟ್ಟು ಬೇರೆ ಏರದ ಮನುಷ್ಯ, ಈ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದರು. ಬೆಳಗಿನ ಹೊತ್ತು ಟೈಲರ್ ಅಂಗಡಿ ಮುಚ್ಚಿ ನನ್ನನ್ನು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೊತ್ತು ತಿರುಗುತ್ತಾರೆ. ದೊಡ್ಡ ಉಪಕಾರವೇ. ಆದರೆ ಹೀಗೆ ದಿನಾ ಔಷಧಿ ಒಡೆದರೆ ದನಕ್ಕೆ ಏನು ಕೊಡಲಿ, ಉಪದೇಶವಾ?

ಎರಡು ಸೀಟಿನ ನಡುವೆ ಒಂದು ಡಬ್ಬಿ ಬೇಕು. ಬಾಟಲಿ, ಸಿರಿಂಜು, ಗ್ಲೌಸು, ಫ್ಲಾಸ್ಕು ಯಾವುದೂ ಅಲ್ಲಾಡಬಾರದು. ಹೊಸ ಕಾರುಗಳಲ್ಲಿ ಇರುತ್ತದಲ್ಲ, ಕನ್ಸೋಲ್.

೬ ಮಾರ್ಚ್

ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದೆ. ಈ ಜೀಪಿಗೆ ಕನ್ಸೋಲ್ ಬರುವುದೇ ಇಲ್ಲವಂತೆ. ಬೇರೆ ಗಾಡಿಯದನ್ನು ಹೊಂದಿಸಬಹುದಂತೆ. ಬೆಲೆ ಕೇಳಿ ಫೋನ್ ಇಟ್ಟೆ. ಆ ದುಡ್ಡಿಗೆ ಒಂದು ಒಳ್ಳೆಯ ಕರುವೇ ಬರುತ್ತೆ.

ನಾನೇ ಮಾಡ್ತೀನಿ. ಹಳೇ ಬೀರುವಿನ ಪ್ಲೈವುಡ್ ಬಾಗಿಲು ಜೀಪು ನಿಲ್ಲಿಸುವ ಶೆಡ್ಡಿನಲ್ಲೇ ಬಿದ್ದಿದೆ. ಫ್ಲಾಸ್ಕಿಗೆ ಒಂದು ತುಂಡು ಪೈಪು ಸಾಕು. ಮೇಲೆ ಹೊದಿಸಲು ಇವರ ಅಂಗಡಿಯ ಮೂಲೆಯಲ್ಲಿ ಕಪ್ಪು ರೆಕ್ಸಿನ್ ಇದೆ. ಭುಜದವರೆಗೆ ಕೈ ಹಾಕಿ, ಕಣ್ಣಿಗೆ ಕಾಣದ ಕರುವನ್ನು ಹೊಟ್ಟೆಯೊಳಗೇ ತಿರುಗಿಸಿ ಎಳೆದವಳು. ಒಂದು ಮರದ ಡಬ್ಬಿ ಮಾಡಲಾರೆನೇ?

ಅಳತೆ ತೆಗೆಯುವಾಗ ಇವರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು, ಕೊರಳಲ್ಲಿ ಟೇಪು. ಹಿಡ್ಕೊಳ್ಳಲಾ ಅಂತ ಕೇಳಿದರು. ಬೇಡ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಡ್ರೈವರ್ ಸೀಟಿನ ಬುಡ ತೋರಿಸಿ, ಈ ಬೋಲ್ಟ್ ಒಂದ್ಸಲ ಬಿಚ್ಚೋಣವಾ ಅಂದರು. ಸೀಟು ಹಿಂದೆ ಮುಂದೆ ಜಾರುವ ಹಳಿಯ ಲಾಕ್ ಮುರಿದು ಯಾವ ಕಾಲವಾಯಿತೋ. ನನ್ನ ಕುಳ್ಳ ಕಾಲಿಗೆ ಪೆಡಲ್ ಎಟುಕುವ ಜಾಗ ನೋಡಿ ಬೋಲ್ಟ್ ಹಾಕಿಸಿಬಿಟ್ಟಿದ್ದೆ. ಹಳಿಯ ಮೇಲೆ ಬಿಳಿ ಬಣ್ಣದ ಗುರುತೂ ಹಾಕಿದ್ದೇನೆ.

"ಜೂನಿಂದ ನಾನೇ ಓಡಿಸೋದಲ್ವಾ? ಮೂರು ತಿಂಗಳಿಗೆ ಅದನ್ನ ಯಾಕೆ ಮುಟ್ತೀರಿ?"

"ಆಯ್ತು ಡಾಕ್ಟ್ರೇ," ಅಂದು ಒಳಗೆ ಹೋದರು.

೯ ಮಾರ್ಚ್, ಮಧ್ಯಾಹ್ನ

ಗರಗಸ ನೇರ ಹೋಗುವುದಿಲ್ಲ. ಪೆನ್ಸಿಲ್ ಗೆರೆ ಒಂದು ಕಡೆ, ಗರಗಸ ತನ್ನ ಪಾಡಿಗೆ ತಾನು. ಸ್ಕ್ರೂ ಹಾಕಿದರೆ ಪ್ಲೈವುಡ್ಡಿನ ಅಂಚು ಬಾಯಿ ಬಿಡುತ್ತದೆ. ಹೆಬ್ಬೆರಳಿಗೆ ಸುತ್ತಿಗೆ ಬಿತ್ತು. ಉಗುರು ಕಪ್ಪಾಗಿದೆ.

ಮಾತ್ರೆ ತಿಂದರೆ ಹಗಲೇ ತೂಕಡಿಕೆ. ಅದೂ ಒಂದು ಕರ್ಮ.

೧೨ ಮಾರ್ಚ್

ಡಬ್ಬಿ ಆಯ್ತು. ಜೀಪಿನಲ್ಲಿ ಇಟ್ಟು ನೋಡಿದೆ. ಅಚ್ಚುಕಟ್ಟಾಗಿ ಕೂತಿತು. ಕಣ್ಣಿಗೆ ಹಬ್ಬ. ಇವರನ್ನು ಕರೆದೆ, ಮಹಡಿಯಿಂದ ನಾದಿನಿಯನ್ನೂ ಕರೆದೆ. ಗೇರ್ ಹಾಕಿ ತೋರಿಸಿ ಅಂದೆ. ಒಂದನೆಯದು ಬಿತ್ತು. ಎರಡನೆಯದಕ್ಕೆ ರಾಡು ಹಿಂದೆ ಬಂದು ಪೈಪಿಗೆ ಢೀ ಕೊಟ್ಟು ನಿಂತಿತು. ಬೀಳಲೇ ಇಲ್ಲ. ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿ ಅಳತೆ ತೆಗೆದಿದ್ದೆ! ರಾಡು ಹಿಂದಕ್ಕೂ ಬರುತ್ತದೆ ಅನ್ನುವುದೇ ಹೊಳೆಯಲಿಲ್ಲ. ಇಷ್ಟು ವರ್ಷ ಈ ಕೈಯಲ್ಲೇ ಎಳೆದಿದ್ದೇನೆ.

ಒಂದೇ ಗೇರಲ್ಲಿ ಹೋಗಿ ಬನ್ನಿ ಅತ್ತಿಗೆ, ಅಣ್ಣ ಹೆಂಗೂ ಅದರ ಮೇಲೆ ಹಾಕಲ್ಲ ಅಂದಳು ನಾದಿನಿ. ಇವರಿಗೂ ನಗು. ನನಗೆ ಮೈಯೆಲ್ಲ ಉರಿ.

೧೩ ಮಾರ್ಚ್

ಪೈಪ್ ಹಿಂದಕ್ಕೆ ಸರಿಸಿದೆ. ಈಗ ಮುಚ್ಚಳ ತೆಗೆದರೆ ಹ್ಯಾಂಡ್‌ಬ್ರೇಕಿಗೆ ತಾಗುತ್ತೆ. ಬಿಚ್ಚಿ ಒಗೆದೆ. ಇನ್ನು ಇದರ ಸುದ್ದಿ ಬೇಡ.

೧೯ ಮಾರ್ಚ್

ಸುದ್ದಿ ಬೇಡ ಅಂದವಳು ನಾಲ್ಕು ದಿನದಿಂದ ಶೆಡ್ಡಿನಲ್ಲೇ ಇದ್ದೇನೆ. ನಿನ್ನೆ ಮತ್ತೆ ಎರಡು ಬಾಟಲಿ. ಹೊಸ ಡಬ್ಬಿ, ತಗ್ಗಿನದು. ಗೇರ್ ಎಲ್ಲ ಹಾಕಿ ತೆಗೆದು, ಹ್ಯಾಂಡ್‌ಬ್ರೇಕ್ ಎತ್ತಿ ಇಳಿಸಿ, ನಾನೇ ಡ್ರೈವರ್ ಸೀಟಿನಲ್ಲಿ ಕೂತು ಅಳೆದೆ. ಎಂಜಿನ್ ಆಫ್ ಇದ್ದರೂ ಆ ಸೀಟಿನಲ್ಲಿ ಕೂತರೆ ಸುಖ. ಮೊಣಕೈ ಊರುವ ಎತ್ತರ, ಪೆನ್ನಿಗೆ ಒಂದು ತೂತು, ಕನ್ನಡಕಕ್ಕೆ ಒಂದು ಗೂಡು.

ರೆಕ್ಸಿನ್ ನನ್ನ ಕೈಗೆ ಬಗ್ಗಲಿಲ್ಲ. ಇವರು ತಗೊಂಡು ಹೋಗಿ ಒಂದು ಗಂಟೆಯಲ್ಲಿ ಹೊಲಿದು ತಂದರು. ಮೂಲೆ ಮೂಲೆಗೂ ಸರಿಯಾಗಿ ಕೂತಿತು. ಇಡೀ ಡಬ್ಬಿಯಲ್ಲಿ ನೆಟ್ಟಗಿರುವುದು ಅದೊಂದೇ. ಹೊಟ್ಟೆಕಿಚ್ಚಾಯಿತು.

೨೩ ಮಾರ್ಚ್, ಸಂಜೆ

ತಳಕ್ಕೆ ಬೋಲ್ಟ್ ಹಾಕಿ ಬಿಗಿದೆ. ಸೀಟಿನ ಹಳಿಗೆ ಒತ್ತಿಕೊಂಡು ಕೂತಿದೆ, ನಡುವೆ ಒಂದು ಕಾಗದವೂ ತೂರುವುದಿಲ್ಲ. ಹಳಿಯ ಬೋಲ್ಟು ಈಗ ಡಬ್ಬಿಯ ಅಡಿಗೆ ಹೋಯ್ತು. ಹೋಗಲಿ.

ಬೆಳಿಗ್ಗೆ ಮೂರು ಕಡೆ ಹೋಗಿ ಬಂದೆವು. ಒಂದು ಬಾಟಲಿಯೂ ಅಲ್ಲಾಡಲಿಲ್ಲ. ಖುಷಿ ಪಡಬೇಕು. ಆದರೆ ಬ್ರೇಕು? ಅದೇ ಹಣೆಬರಹ. ಬಾಟಲಿ ಕೂತಲ್ಲೇ ಕೂತವು, ನಾನು ಹಾರಿದೆ. ವಾಪಸ್ ಬರುವಾಗ ತಡೆಯಲಾಗಲಿಲ್ಲ. ಮಲಗಿದ ಮಗು ಏಳದ ಹಾಗೆ ತುಳೀಬೇಕು ಕಣ್ರೀ ಬ್ರೇಕು ಅಂದೆ.

"ಕಾಲು ಏಳಲ್ಲ ಕಣೆ," ಅಂದರು.

"ಕಾಲಲ್ಲ. ಭಯ," ಅಂದೆ.

ಜೂನ್ ಬರಲಿ. ಈ ಸೀಟು, ಈ ಡಬ್ಬಿ, ಈ ಬ್ರೇಕು ಎಲ್ಲ ನನ್ನ ಕೈಗೆ ಬರಲಿ. ಆಗ ಇವರು ಅಂಗಡಿಯಲ್ಲಿ ಕೂತು ನೆಮ್ಮದಿಯಾಗಿ ಹೊಲಿಯಲಿ.

೨೭ ಮಾರ್ಚ್, ಬೆಳಿಗ್ಗೆ

ಮುಚ್ಚಳದ ಚಿಲಕ ಬೀಳುತ್ತಿಲ್ಲ. ಅರ ಹಾಕಿ ಉಜ್ಜಿದರೆ ಸರಿಹೋಗುತ್ತೆ. ಶೆಡ್ಡಿಗೆ ಹೋಗಿ ಬಂದು ಬರೀತೀನಿ —

೬ ಏಪ್ರಿಲ್

ಬಂದು ಬರೀತೀನಿ ಅಂತಿದೆ ಮೇಲೆ. ಬರಲಿಲ್ಲ.

ಶೆಡ್ಡಿನಲ್ಲಿ ಮತ್ತೆ ಫಿಟ್ಸ್ ಬಂದು ಬಿದ್ದೆನಂತೆ. ನನಗೆ ನೆನಪಿರುವುದು ಅರದ ಸದ್ದು, ಆಮೇಲೆ ಆಸ್ಪತ್ರೆಯ ಟ್ಯೂಬ್‌ಲೈಟು. ನಡುವಿನದೆಲ್ಲ ನಾದಿನಿ ಹೇಳಿದ್ದು. ಬೀಳುವಾಗ ಹಣೆ ಡಬ್ಬಿಯ ಅಂಚಿಗೇ ತಾಗಿತಂತೆ. ನಾನೇ ಮಾಡಿದ ಡಬ್ಬಿ. ಇವರು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರಂತೆ, ಅವಳು ನನ್ನ ತಲೆ ಹಿಡಿದುಕೊಂಡಳಂತೆ. ಇವತ್ತು ಆಸ್ಪತ್ರೆಯಲ್ಲಿ ಹಣೆಯ ಹೊಲಿಗೆ ಬಿಚ್ಚಿದರು.

ನರದ ಡಾಕ್ಟರು ಈ ಸಲ ತಿಂಗಳ ಲೆಕ್ಕ ಹೇಳಲಿಲ್ಲ. "ಡ್ರೈವಿಂಗ್ ಮಾತು ಬಿಟ್ಬಿಡಿ ಮೇಡಂ," ಅಂದರು. ಜೂನಿನಲ್ಲಿ ಅಂತ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದರು, ಬೇರೆ ಮಾತ್ರೆ ಬರೆದರು.

ಅಳು ಬರಲಿಲ್ಲ. ಯಾರಿಗಾದರೂ ಎರಡು ಬಾರಿಸಬೇಕು ಅನ್ನಿಸಿತು. ಯಾರಿಗೆ ಅಂತ ಗೊತ್ತಿಲ್ಲ.

೯ ಏಪ್ರಿಲ್

ರೌಂಡ್ಸ್‌ಗೆ ಹೋಗಿಲ್ಲ. ಫೋನ್ ಬಂದರೆ ಇವರೇ ಎತ್ತಿ, ಡಾಕ್ಟ್ರಿಗೆ ಹುಷಾರಿಲ್ಲ ಅಂತಾರೆ. ಜೀಪಿನ ಕಡೆ ನೋಡಲೂ ಮನಸ್ಸಿಲ್ಲ. ಮಾರಿಬಿಡೋಣ ಅಂದೆ. ಇವರು ಎದ್ದು ಅಂಗಡಿಗೆ ಹೋದರು.

ಮಧ್ಯಾಹ್ನ ನಾದಿನಿ ಊಟ ತಂದಳು. ತಟ್ಟೆ ಇಟ್ಟು ನಿಂತಳು. ಅವಳು ಹಾಗೆಲ್ಲ ಸುಮ್ಮನೆ ನಿಲ್ಲುವವಳಲ್ಲ.

"ಅಣ್ಣನ ಮೊಣಕಾಲು ನೋಡಿದೀರಾ ಅತ್ತಿಗೆ?"

ಏನಾಗಿದೆ ಅಂದೆ. ನೀವೇ ನೋಡಿ ಅಂದು ಹೋದಳು.

ಸಂಜೆ ಅಂಗಡಿಗೆ ಹೋದೆ. ಇವರು ಹೊಲಿಗೆ ಮೆಷಿನ್ನನ್ನು ಒಂದೇ ಕಾಲಿನಲ್ಲಿ ತುಳಿಯುತ್ತಿದ್ದರು. ಪ್ಯಾಂಟ್ ಮೇಲೆತ್ತಿ ಅಂದೆ. ಗಿರಾಕಿ ಬರ್ತಾರೆ ಅಂದರು. ಬರಲಿ ಅಂದೆ.

ಎರಡೂ ಮೊಣಕಾಲು ನೀಲಿ. ಬಲದ್ದು ಊದಿದೆ. ಪೆಟ್ಟಿನ ಬಣ್ಣ ನೋಡಿ ಎಷ್ಟು ಹಳೆಯದು ಅಂತ ಹೇಳುವುದು ನನ್ನ ಕೆಲಸ. ನೀಲಿಯ ಸುತ್ತ ಹಸಿರು, ಹಸಿರಿನ ಆಚೆ ಹಳದಿ. ಒಂದು ಮಾಯುವ ಮೊದಲೇ ಅದರ ಮೇಲೆ ಇನ್ನೊಂದು. ಒಂದು ದಿನದ್ದಲ್ಲ ಇದು. ಸ್ಟೀರಿಂಗ್ ಹಿಡಿದ ದಿನದಿಂದಲೂ ಬಿದ್ದದ್ದು.

ಸ್ಟೀರಿಂಗಿನ ಕೆಳಗೆ ತಗಲುತ್ತೆ, ಅಷ್ಟೇ ಅಂದರು. ಆರಡಿ ಮನುಷ್ಯ. ನನ್ನ ಕಾಲಿನ ಅಳತೆಗೆ ಬಿಗಿದ ಸೀಟಿನಲ್ಲಿ ಮಡಚಿಕೊಂಡು ಕೂತು ಓಡಿಸಿದ್ದಾರೆ. ಪಾದ ಎತ್ತಲು ಜಾಗವೇ ಇಲ್ಲ. ಎತ್ತಿದರೆ ಮಂಡಿ ಸಿಕ್ಕಿಕೊಳ್ಳುತ್ತೆ, ಬಿಡಿಸಿಕೊಂಡರೆ ಪಾದ ಒಮ್ಮೆಲೇ ಬ್ರೇಕಿನ ಮೇಲೆ ಬೀಳುತ್ತೆ. ಕಾಲು ಏಳಲ್ಲ ಅಂದಿದ್ದರು. ನಾನು ಭಯ ಅಂದೆ. ಒಡೆದ ಬಾಟಲಿಗಳೆಲ್ಲ ನನ್ನ ಲೆಕ್ಕಕ್ಕೇ ಹಾಗಾದರೆ. ಡಬ್ಬಿ ಬೇಕಿರಲೇ ಇಲ್ಲ, ಒಂದು ಬೋಲ್ಟ್ ಬಿಚ್ಚಿದ್ದರೆ ಮುಗಿದಿತ್ತು. ಮಾಡಿದ ಡಬ್ಬಿ ಹೋಗಿ ಅದೇ ಬೋಲ್ಟಿನ ಮೇಲೆ ಕೂತಿತು. ನನ್ನನ್ನು ಆಸ್ಪತ್ರೆಗೆ ಒಯ್ದ ದಿನವೂ ಇವರು ಅದೇ ಇಕ್ಕಟ್ಟಿನಲ್ಲಿ ಓಡಿಸಿದರು.

ಇನ್ನೊಂದು ಸಲ ಬಾಯಿಬಿಟ್ಟು ಕೇಳಬಾರದಿತ್ತಾ ಅಂದೆ. ಸಿಟ್ಟಿನಲ್ಲೇ ಅಂದೆ, ಬೇರೆ ಥರ ಮಾತಾಡಲು ಆ ಹೊತ್ತಿಗೆ ಬರಲಿಲ್ಲ.

ಇವರು ಪ್ಯಾಂಟಿನ ಕಾಲು ಕೆಳಗೆ ಎಳೆದುಕೊಂಡರು. ದಾರ ಕತ್ತರಿಸಿದರು.

"ಆ ಬೋಲ್ಟ್ ಬಿಚ್ಚಿದ್ರೆ, ಇನ್ನು ನೀನು ಓಡಿಸಲ್ಲ ಅಂತ ನಾನೇ ಹೇಳಿದ ಹಾಗಾಗ್ತಿತ್ತು," ಅಂದರು. "ನನ್ನ ಬಾಯಿಂದ ಅದು ಬೇಡ ಅನ್ನಿಸ್ತು."

ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಸಾಕಾಗುವಷ್ಟು ಅತ್ತೆ.

೧೦ ಏಪ್ರಿಲ್

ಸ್ಪ್ಯಾನರ್ ತಗೊಂಡು ಶೆಡ್ಡಿಗೆ ಹೋದೆ. ಒಬ್ಬಳನ್ನೇ ಬಿಡುವುದಿಲ್ಲ, ಹಿಂದೆ ಇವರು, ಅವರ ಹಿಂದೆ ನಾದಿನಿ. ಮೆರವಣಿಗೆ. ಡಬ್ಬಿ ಬಿಚ್ಚಿದೆವು. ರೆಕ್ಸಿನ್ ಮೂಲೆಯಲ್ಲಿ ನನ್ನ ರಕ್ತದ ಕಲೆ ಹಾಗೇ ಇದೆ.

ಹಳಿಯ ಬೋಲ್ಟ್ ಜಪ್ಪಯ್ಯ ಅನ್ನುವುದಿಲ್ಲ. ತುಕ್ಕು ಹಿಡಿದು ಒಂದೇ ಆಗಿಹೋಗಿದೆ. ಸೀಮೆಎಣ್ಣೆ ಹಾಕಿ ಕಾದೆವು. ಸ್ಪ್ಯಾನರ್ ಜಾರಿ ಇವರ ಕೈ ತರಚಿತು. ಈಗ ಆ ಕೈಯೂ ಒಂದು ಬಾಕಿ ಇತ್ತು! ನಾಳೆ ಬಿಟ್ಟುಕೊಳ್ಳುತ್ತೋ ಏನೋ.

೧೧ ಏಪ್ರಿಲ್

ಬಿಟ್ಟಿತು. ಬಿಡುವಾಗ ಕಿರ್ರ್ ಅಂದಿತು.

ಇವರ ಕೊರಳಿನ ಟೇಪು ಎಳೆದುಕೊಂಡೆ. ಕೂತ್ಕೊಳ್ಳಿ ಅಂದೆ. ಊರವರಿಗೆಲ್ಲ ಅಳತೆ ತೆಗೆಯುವ ಮನುಷ್ಯ, ಅಳತೆ ಕೊಡುವಾಗ ಮದುವೆ ಗಂಡಿನ ಹಾಗೆ ಬಿಗಿಯಾಗಿ ಕೂತರು. ಸೊಂಟದಿಂದ ಮಂಡಿ, ಮಂಡಿಯಿಂದ ಪೆಡಲ್, ಮೊಣಕೈಯಿಂದ ಗೇರ್ — ಎರಡನೇ ಗೇರ್ ಹಾಕಿಸಿ. ಸೀಟು ಒಂದು ಗೇಣು ಹಿಂದೆ ಹೋಗಬೇಕು. ಹೋದರೆ ಸೀಟಿನ ಕಬ್ಬಿಣ ಡಬ್ಬಿಗೆ ತಾಗುತ್ತೆ. ಅಂದರೆ ಮೂರನೇ ಡಬ್ಬಿ.

ಗರಗಸ ನನ್ನ ಕೈಗೆ ಕೊಡುವುದಿಲ್ಲವಂತೆ. ಇವರ ಸೀಮೆಸುಣ್ಣದಲ್ಲಿ ನಾನು ಗೆರೆ ಎಳೆದೆ, ಇವರು ಕುಯ್ದರು. ಬಟ್ಟೆ ಆಗಿದ್ದರೆ ಬೆಣ್ಣೆ ಕುಯ್ದ ಹಾಗೆ ಕುಯ್ಯುತ್ತಿದ್ದರು. ಮರ ಅಂದರೆ ನನಗಿಂತ ಸೊಟ್ಟ. ನೋಡುತ್ತಾ ಕೂರುವುದಿದೆಯಲ್ಲ, ಅದರಂಥ ಶಿಕ್ಷೆ ಇಲ್ಲ. ಇನ್ನು ದಿನಾ ಇದೇ ನನ್ನ ಪಾಲಿಗೆ.

೧೪ ಏಪ್ರಿಲ್, ಸಂಜೆ

ಸೀಟು ಹಿಂದೆ ಸರಿಸಿ ಬೋಲ್ಟ್ ಬಿಗಿದೆವು. ಡಬ್ಬಿಯೂ ಕೂತಿತು. ಸೊಟ್ಟ, ಕಿರಿದು, ಒಂದು ಕಡೆ ಇಲಿ ಕಡಿದ ಹಾಗೆ. ಬಾಟಲಿ ಹಿಡಿಯುತ್ತೆ. ಗೇಟಿನಿಂದ ಡೈರಿಯವರೆಗೆ ಹೋಗಿ ಬಂದೆವು. ತಿರುವಿನಲ್ಲಿ ಇವರು ಬ್ರೇಕ್ ಹಾಕಿದರು. ಜೀಪು ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. ಬೈಯಲು ಬಾಯಿ ತೆರೆದಿದ್ದೆ, ಹಾಗೇ ಮುಚ್ಚಿದೆ.

ಪೆನ್ನಿನ ತೂತಿನಲ್ಲಿ ಇವರು ಸೀಮೆಸುಣ್ಣ ಸಿಕ್ಕಿಸಿದ್ದಾರೆ. ಇರಲಿ.

ಹಳಿಯ ಮೇಲೆ ಹೊಸ ಜಾಗಕ್ಕೆ ಗುರುತು ಬೇಕು. ಬಿಳಿ ಬಣ್ಣದ ಡಬ್ಬ ತೆಗೆದು ಕೂತೆ. ಬ್ರಷ್ ಅದ್ದಲಾಗಲಿಲ್ಲ. ನನ್ನ ಗುರುತು ಅಲ್ಲೇ ಮುಂದೆ ಕಾಣುತ್ತಿತ್ತು. ಅದನ್ನು ಉಜ್ಜಿ ತೆಗೆಯಲಾ ಅಂದೆ. "ಅದು ಇರ್ಲಿ," ಅಂದರು ಇವರು. ಇದ್ದು ಏನಾಗಬೇಕು? ಡಬ್ಬ ಮುಚ್ಚಿಟ್ಟು ಬಂದೆ.

೧೫ ಏಪ್ರಿಲ್, ಬೆಳಿಗ್ಗೆ

ಫೋನ್ ಬಂತು. ಹಸು ಈಯಲು ತಿಣುಕುತ್ತಿದೆ, ಕರು ಅಡ್ಡ ಬಿದ್ದಿದೆ. ಡಾಕ್ಟ್ರು ಬರ್ತಾರೆ ಅಂದೆ, ನಾನೇ ಎತ್ತಿ.

ಇವರು ಜೀಪು ಒರೆಸಲು ಹೋದಾಗ ಹಿಂದೆಯೇ ಹೋಗಿ ಬಣ್ಣ ಹಚ್ಚಿದೆ. ಒಂದೇ ಎಳೆತ. ಗೆರೆ ದಪ್ಪವಾಯಿತು, ದೂರಕ್ಕೂ ಕಾಣುತ್ತೆ. ನನ್ನದನ್ನು ಉಜ್ಜಲಿಲ್ಲ. ಈಗ ಹಳಿಯ ಮೇಲೆ ಎರಡು.

ಹಾರ್ನ್. ಕಾಲು ಚಾಚಲು ಜಾಗ ಸಿಕ್ಕಿದ್ದೇ ಸಿಕ್ಕಿದ್ದು, ಮನುಷ್ಯನಿಗೆ ಧೈರ್ಯ ಬಂದುಬಿಟ್ಟಿದೆ. ಇನ್ನೊಂದು ಸಲ ಹಾರ್ನ್. ಬಂದೆ ರೀ, ಕೈಗೆ ಇನ್ನೂ ಬಣ್ಣ ಮೆತ್ತಿದೆ, ನಿಮ್ಮ ಗುರುತು ಒಣಗೋವರೆಗೆ ಹಳಿ ಮುಟ್ಟಬೇಡಿ. ಹೊರಟೆ.