ಅವ್ವನ ಮುಂದೆ ಇಟ್ಟ ಮೊಸರನ್ನ

ಕ್ಯಾನಿಂಗ್ ವೇಲ್, ಪರ್ತ್
20 ಮಾರ್ಚ್ 2016

ಅವ್ವಾ,

ನಿನ್ನ ಮಗಳು ನಮಿತಾ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ "ಉಂಡ್ಯಾ ಮಗಾ" ಎಂದು ಕೇಳಿ ತಮ್ಮ ಪ್ರವೀಣನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಗ್ಲೆನೆಲ್ಗ್‌ನಲ್ಲಿ ತಮ್ಮನ ಮನೆ ನಿನಗೆ ಹಿಡಿಸಿದೆಯಂತೆ, ಸಂಜೆ ಸಮುದ್ರದ ಹತ್ತಿರ ಹೋಗಿ ಕೂರುತ್ತೀಯಂತೆ. ಮೊಮ್ಮಗಳನ್ನು ನೋಡಬೇಕು ಅನ್ನಿಸಿತು, ಅದಕ್ಕೇ ಅಕ್ಕನ ಮನೆಯಿಂದ ಬೇಗ ಹೊರಟುಬಂದೆ ಎಂದು ಅವನಿಗೆ ಹೇಳಿದ್ದೀಯ. ನಾನೂ ಹಾಗೆಯೇ ಅಂದೆ. ನಮ್ಮಿಬ್ಬರಿಗೂ ನಿಜ ಗೊತ್ತು.

ಆ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಎಷ್ಟು ನಕ್ಕಿದ್ದೆವು! ಗಣಿ ಕೆಲಸದಿಂದ ನಿನ್ನ ಅಳಿಯ ಸುನೀಲ ಎರಡು ವಾರದ ಮೇಲೆ ಮನೆಗೆ ಬರುತ್ತಿದ್ದರು. ಅವರಿಗೆಂದು ದನದ ಬಾಡನ್ನು ಕೆಂಪು ವೈನಿನಲ್ಲಿ ನಿಧಾನಕ್ಕೆ ಬೇಯಿಸೋಣ ಎಂದೆ. ನಾನು ಬಾಟಲಿ ಬಗ್ಗಿಸಿದಾಗ ನೀನು, "ಹೆಂಡ ಹುಯ್ದು ಬೇಯ್ಸೋದಾ? ನಿಮ್ಮಪ್ಪ ಇದ್ದಿದ್ರೆ ಅರ್ಧ ಪಾತ್ರೆಗೆ, ಅರ್ಧ ಗಂಟಲಿಗೆ ಅಂತಿದ್ದ" ಎಂದೆ. ತುಂಡುಗಳನ್ನು ಕಂದು ಬಣ್ಣಕ್ಕೆ ಹುರಿದವಳು ನೀನು. ನನ್ನ ಕಣ್ಣು ತಪ್ಪಿಸಿ ನಾಲ್ಕು ಲವಂಗ, ಎರಡು ಒಣಮೆಣಸಿನಕಾಯಿ ಹಾಕಿದವಳೂ ನೀನೇ. ಓವನ್ನಿನ ಉರಿ ಜೋರು ಮಾಡಲು ಹೋದರೆ ಕೈ ಹಿಡಿದು, "ಆತುರ ಪಟ್ರೆ ಬಾಡು ಮುನಿಸ್ಕೊಳ್ತದೆ" ಎಂದೆ. ಕೇರಿ ಬಿಟ್ಟು ಬಂದ ಮೇಲೆ ನಾನು ಅಷ್ಟು ಹಗುರಾಗಿದ್ದದ್ದು ನೆನಪಿಲ್ಲ.

ಸುನೀಲ ಬಂದು ಸ್ನಾನ ಮುಗಿಸುವ ಹೊತ್ತಿಗೆ ಚಂದ್ರಮೌಳಿ ಅಂಕಲ್, ಪದ್ಮಾ ಆಂಟಿ ಹೇಳದೆ ಕೇಳದೆ ಬಂದರು. ಕನ್ನಡ ಸಂಘದ ಯುಗಾದಿ ಊಟಕ್ಕೆ ಕರೆಯಲು, ಪಾಯಸ ನಾನೇ ಮಾಡಿ ತರಬೇಕೆಂದು ಹೇಳಲು. ಆಂಟಿ ಒಳಗೆ ಕಾಲಿಡುತ್ತಲೇ, "ಏನಮ್ಮಾ ಇಷ್ಟೊಂದು ಘಮ ಘಮ! ಏನ್ ಮಾಡ್ತಿದೀಯ?" ಎಂದರು. ನೀನು ಖುಷಿಯಲ್ಲಿ ಬಾಯಿ ತೆರೆದೆ. ನಾನು ಅಡ್ಡ ಬಂದೆ.

"ಬೀಫು ಆಂಟಿ, ಸುನೀಲ್ ಅವರ ಆಫೀಸಿನವರಿಗೆ. ನಾವ್ಯಾರೂ ಮುಟ್ಟಲ್ಲ. ಅಮ್ಮನಿಗಂತೂ ಆಗೋದೇ ಇಲ್ಲ, ಬರೀ ಮೊಸರನ್ನ."

ಅವ್ವ ಅನ್ನಲಿಲ್ಲ, ಗಮನಿಸಿದೆಯಾ? ಅಮ್ಮ ಅಂದೆ.

ಆಂಟಿ ಸೆರಗನ್ನು ಮೂಗಿಗೆ ಹಿಡಿದು, "ಅಯ್ಯೋ, ಈ ವಾಸನೇಲಿ ಪಾಪ ಹೇಗೆ ಕೂತಿದೀರಿ?" ಎಂದು ನಿನ್ನನ್ನು ಕೇಳಿದರು. ನೀನು ನನ್ನ ಮುಖ ನೋಡಿ, ತಲೆಯಾಡಿಸಿ, "ಅಭ್ಯಾಸ ಆಯ್ತದೆ ಬಿಡಮ್ಮ" ಎಂದೆ. ಸುನೀಲ ನೆಲ ನೋಡುತ್ತಿದ್ದರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸುಳ್ಳು ಗಟ್ಟಿಯಾಗಲಿ ಎಂದು ತಟ್ಟೆಯಲ್ಲಿ ಮೊಸರನ್ನ ಕಲಸಿ ತಂದು ನಿನ್ನ ಮುಂದೆ ಇಟ್ಟೆ. ಅವರು ಕಾಫಿ ಕುಡಿಯುವಷ್ಟು ಹೊತ್ತು, ಬೆಳ್ಳುಳ್ಳಿ ಸುಲಿದ ಆ ಕೈಯಲ್ಲಿ ನೀನು ಒಂದು ಅಗುಳೂ ಬಿಡದೆ ತಿಂದೆ. ಅವರು ಹೋದ ಮೇಲೆ ಬಡಿಸಲು ಬಂದರೆ, "ಹೊಟ್ಟೆ ತುಂಬೈತೆ" ಎಂದು ತಟ್ಟೆ ತೊಳೆದಿಟ್ಟೆ.

ಸುನೀಲ ಕೂಡ ಉಣ್ಣಲಿಲ್ಲ. ನಾನೊಬ್ಬಳೇ ತಿಂದೆ ಅವ್ವ. ತುಂಬ ಚೆನ್ನಾಗಿತ್ತು. ಅದು ನೆನಪಾದಾಗಲೇ ಹೆಚ್ಚು ನಾಚಿಕೆ.

ಈ ಊರಿನಲ್ಲಿ ನಮ್ಮ ಜಾತಿ ಯಾರೂ ಬಾಯಿಬಿಟ್ಟು ಕೇಳಿಲ್ಲ. ಕೇಳುವ ಮೊದಲೇ ನಾನು ಮುಚ್ಚಿಟ್ಟೆ. ಮುಚ್ಚಿಡುವ ಭರದಲ್ಲಿ ನಿನ್ನನ್ನೂ ಮುಚ್ಚಿಟ್ಟೆ. ಪದ್ಮಾ ಆಂಟಿಗೆ ನಿಜ ಹೇಳಬೇಕೆಂದು ದಿನವೂ ಫೋನ್ ಎತ್ತಿಕೊಳ್ಳುತ್ತೇನೆ, ಇಡುತ್ತೇನೆ. ಧೈರ್ಯವಿಲ್ಲ. ಕ್ಷಮಿಸು ಎಂದು ಕೇಳುವ ಮುಖವೂ ಇಲ್ಲ. ಊರಿಗೆ ಹೋಗುವ ಮೊದಲು ಒಮ್ಮೆ ಬಾ. ಬಾರದಿದ್ದರೆ ನಾನೇ ಬರುತ್ತೇನೆ, ಬಾಗಿಲು ತೆಗೆ.

ನಿನ್ನ
ನಮಿತಾ

ತಾ.ಕ.: ಕಾಗದ ಅಂಟಿಸುವ ಮೊದಲು ಆಂಟಿಗೆ ಫೋನ್ ಮಾಡಿದೆ. ಅಡುಗೆ ನಮಗೇ ಎಂದೂ, ಮಾಡಿದ್ದು ನಮ್ಮವ್ವ ಎಂದೂ, ನಾವು ಯಾರೆಂದೂ ಹೇಳಿದೆ. ಅವರು ಬಹಳ ಮೃದುವಾಗಿ, "ಯುಗಾದಿಗೆ ನೀನು ಪಾಯಸ ಮಾಡ್ಕೊಂಡು ಬರೋದು ಬೇಡ ಬಿಡಮ್ಮ, ನಾವೇ ನೋಡ್ಕೋತೀವಿ" ಎಂದರು. ಅವತ್ತು ನೀನು ನನ್ನ ಸುಳ್ಳಿಗೆ ಯಾಕೆ ತಲೆಯಾಡಿಸಿದೆ ಎಂದು ಈಗ ತಿಳಿಯಿತು ಅವ್ವ.